ಬ್ರೆಡ್ ವ್ಯಾನಿಗೆ ಪೆಟ್ರೋಲ್ ಹಾಕಿದ ದಿನ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಮೊನ್ನೆ ಫೋನಿನಲ್ಲಿ ನಿನ್ನ ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸಿತು. ಬಿಸಿನೀರು ಕುಡಿ, ಕಿಟಕಿ ತೆರೆದಿಟ್ಟು ಮಲಗಬೇಡ. ಇದನ್ನೆಲ್ಲ ಹೇಳುವುದು ಅಮ್ಮನ ಕೆಲಸವಾಗಿತ್ತು. ಈಗ ನನ್ನ ತಲೆಗೆ ಬಂದಿದೆ, ಮುಖ ಸಿಂಡರಿಸದೆ ಕೇಳಿಸಿಕೋ. ಇದೇನು ಇವಳು ಪತ್ರ ಬರೆಯಲು ಕೂತಿದ್ದಾಳೆ ಎಂದು ನಗಲೂ ಬೇಡ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ಹತ್ತು ಮಾತು ಆಡಿ ಮುಗಿಸಿರುತ್ತೀಯ. ಕಾಗದದಲ್ಲಾದರೆ ಮಧ್ಯೆ ಬಾಯಿ ಹಾಕಲು ನಿನಗೆ ಬರುವುದಿಲ್ಲ.

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಅನ್ನ ಸೇರುತ್ತದೆ, ನಿದ್ದೆಯೂ ಬರುತ್ತದೆ, ಆದರೆ ಹಿತ್ತಿಲ ಬಾಗಿಲು ಸದ್ದು ಮಾಡಿದರೆ ಅಮ್ಮ ಬಂದಳು ಎಂದು ಎದ್ದುಬಿಡುತ್ತೇನೆ. ಅವಳು ಮೊಣಕಾಲಿಗೆ ಹಚ್ಚಿಕೊಳ್ಳುತ್ತಿದ್ದ ಮುಲಾಮು ಕಿಟಕಿಯ ಮೇಲೆ ಹಾಗೇ ಇದೆ. ಮುಚ್ಚಳ ತೆಗೆದಿಟ್ಟು ಆಸ್ಪತ್ರೆಗೆ ಹೋದವಳು. ಅದನ್ನು ಮುಚ್ಚಿಡಲು ನನಗೆ ಕೈ ಬರುತ್ತಿಲ್ಲ. ಅಪ್ಪನೂ ಅದನ್ನು ನೋಡುತ್ತಾನೆ, ಮುಟ್ಟುವುದಿಲ್ಲ.

ಅಪ್ಪನ ವಿಷಯಕ್ಕೇ ಬರುತ್ತೇನೆ. ಬೇಕರಿ ಯಜಮಾನರು ಮನೆಗೇ ಬಂದು, ಅಂಗಡಿಗಳಿಗೆ ಬ್ರೆಡ್ ಹಾಕುವ ಅಪ್ಪನ ಲೈನನ್ನು ಬೇರೆ ಡ್ರೈವರನಿಗೆ ಕೊಟ್ಟಿದ್ದೇವೆ ಎಂದು ಹೇಳಿ ಹೋದರು. ಒಳ್ಳೆಯ ಮನುಷ್ಯ, ಬಯ್ಯಲಿಲ್ಲ. "ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಸ್ಕೊಂಡ್ರಿ ಅಂದ್ರೆ ಮನಸ್ಸು ಎಲ್ಲೋ ಇದೆ ಅಂತ ಅರ್ಥ. ಸ್ವಲ್ಪ ದಿನ ಸುಧಾರಿಸ್ಕೊಳ್ಳಿ," ಎಂದರು. ಅಪ್ಪ ತಲೆಯಾಡಿಸಿದ. ಬೆಳಿಗ್ಗೆ ಈಗಲೂ ಕತ್ತಲಿರುವಾಗಲೇ ಎದ್ದು ಕೆಟ್ಟು ನಿಂತ ವ್ಯಾನಿನ ಸೀಟಿನಲ್ಲಿ ಹೋಗಿ ಕೂರುತ್ತಾನೆ. ಕನ್ನಡಿ ಒರೆಸುತ್ತಾನೆ. ಬೆಳಕಾದ ಮೇಲೆ ಇಳಿದು ಬರುತ್ತಾನೆ. ನೋಡಲಾಗುವುದಿಲ್ಲ ಅಣ್ಣಾ.

ಆ ದಿನ ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ, ಅದಕ್ಕೇ ಹೇಳುತ್ತೇನೆ. ಅಮ್ಮನನ್ನು ಸ್ಮಶಾನಕ್ಕೆ ಬಾಡಿಗೆ ಗಾಡಿಯಲ್ಲಿ ಕಳಿಸಲು ಅಪ್ಪ ಸುತರಾಂ ಒಪ್ಪಲಿಲ್ಲ. "ಅವಳು ನನ್ನ ಗಾಡಿ ಬಿಟ್ಟು ಬೇರೆ ಗಾಡಿ ಹತ್ತಿದವಳಲ್ಲ," ಎಂದ. ತಾನೇ ಸ್ಕ್ರೂ ಬಿಚ್ಚಿ ಬ್ರೆಡ್ ಟ್ರೇಗಳ ಚೌಕಟ್ಟನ್ನೆಲ್ಲ ಹೊರಗಿಟ್ಟ, ಒಳಗೆ ತೊಳೆದ. ಎಷ್ಟು ತೊಳೆದರೂ ಬ್ರೆಡ್ಡಿನ ವಾಸನೆ ಹೋಗಲಿಲ್ಲ. ಹುಡುಗ ಬರಲಿ, ಸಂಜೆಯವರೆಗೆ ಕಾಯೋಣ ಎಂದು ನಿನಗಾಗಿ ಒಂದು ಸಲ ಕೇಳಿದ. ಚಿಕ್ಕಪ್ಪ ಈ ಬಿಸಿಲಿಗೆ ಸಾಧ್ಯವೇ ಇಲ್ಲ ಎಂದರು, ಬಂದವರೆಲ್ಲ ಅದಕ್ಕೇ ದನಿಗೂಡಿಸಿದರು. ನಿನಗೆ ಫೋನು ಮಾಡಿ, ಮಧ್ಯಾಹ್ನವೇ ಹೊರಡುತ್ತೇವೆ ಎಂದವರೂ ಅವರೇ. ಆಮೇಲೆ ನಿನ್ನ ಫೋನು ಆಫ್ ಆಗಿತ್ತು. ಅಪ್ಪ, ಟ್ಯಾಂಕ್ ಖಾಲಿಯಿದೆ ಎಂದು ಒಬ್ಬನೇ ಬಂಕಿಗೆ ಹೋಗಿಬಂದ.

ಅಮ್ಮನನ್ನು ಮಲಗಿಸಿಕೊಂಡು ಹೊರಟೆವು. ಮುಖ್ಯರಸ್ತೆಗೆ ಬರುವಷ್ಟರಲ್ಲಿ ಇಂಜಿನ್ ಕಟಕಟ ಎನ್ನತೊಡಗಿತು, ಬಿಳಿ ಹೊಗೆ ಬಂತು, ಮರದ ಡಿಪೋ ಹತ್ತಿರ ಒಂದು ಸಲ ಜಗ್ಗಿ ನಿಂತೇಬಿಟ್ಟಿತು. ಚಿಕ್ಕಪ್ಪನೂ ಗಾಡಿ ಓಡಿಸಿದವರೇ ಅಲ್ಲವೇ, ಬೇಡ ಬೇಡ ಎಂದರೂ ಕೇಳದೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ನೋಡಿದರು. ಕೊನೆಗೆ ಬಂದ ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿ ಮೂಗಿಗೆ ಹಿಡಿದು, ಇದು ಪೆಟ್ರೋಲು ಎಂದ. ಡೀಸೆಲ್ಲಿನಲ್ಲಿ ಜಿಡ್ಡಿರುತ್ತದಂತೆ, ಪೆಟ್ರೋಲಿನಲ್ಲಿ ಅದಿಲ್ಲವಂತೆ, ಪಂಪು ಒಳಗೊಳಗೇ ಉಜ್ಜಿ ಹೋಗಿದೆಯಂತೆ. ಟ್ಯಾಂಕ್ ಬಸಿದರೂ ಈ ಗಾಡಿ ಇವತ್ತು ಏಳುವುದಿಲ್ಲ ಎಂದುಬಿಟ್ಟ. ಎಲ್ಲರೂ ಅಪ್ಪನ ಮುಖ ನೋಡಿದರು. ಬಂಕಿನಲ್ಲಿ ಪೈಪನ್ನು ತಾನೇ ಮೂಸಿ ನೋಡದೆ ಹಾಕಿಸಿದವನಲ್ಲ, ಅದಕ್ಕೇ ಅಲ್ಲಿನವರು ಅವನನ್ನು ಮೂಗಪ್ಪ ಎಂದು ಕರೆಯುವುದು. ಬಂಕಿನವನ ಚರ್ಮ ಸುಲಿಯುತ್ತೇನೆ ಎಂದು ಚಿಕ್ಕಪ್ಪ ಹೊರಟರೆ ಅಪ್ಪ ಕೈ ಹಿಡಿದು ನಿಲ್ಲಿಸಿದ. "ಅವನದೇನೂ ತಪ್ಪಿಲ್ಲ. ನನ್ನದೇ," ಎಂದ.

ಡಿಪೋದವರು ತಮ್ಮ ಲಾರಿ ಕೊಡುತ್ತೇವೆಂದರೆ ಅಪ್ಪ, ಇರಲಿ, ಇನ್ನೊಂದು ಸ್ವಲ್ಪ ಹೊತ್ತು ಎಂದ. ಬಸ್ಸು ಬಂದಾಗಲೆಲ್ಲ ಹೋಗಿ ರಸ್ತೆ ಬದಿಗೆ ನಿಲ್ಲುತ್ತಿದ್ದ. ದುಃಖಕ್ಕೆ ಏನು ಮಾಡುತ್ತಿದ್ದೇನೆಂದು ಅವನಿಗೇ ತಿಳಿಯುತ್ತಿಲ್ಲ ಎಂದುಕೊಂಡೆವು. ನಾನು ಒಳಗೆ ಅಮ್ಮನ ತಲೆಯ ಹತ್ತಿರ ಕೂತು ಗಾಳಿ ಹಾಕುತ್ತಿದ್ದೆ. ಸತ್ತವಳಿಗೆ ಸೆಕೆಯೇ ಎಂದು ಯಾರೋ ಅಂದರು, ನಾನು ನಿಲ್ಲಿಸಲಿಲ್ಲ. ಕತ್ತಲಾಗುವ ಹೊತ್ತಿಗೆ ಅವಳನ್ನು ಡಿಪೋದವರ ಲಾರಿಯಲ್ಲಿ ಮಲಗಿಸಿದೆವು.

ಅಪ್ಪನಿಗೆ ಅರಳುಮರಳು, ಕೀ ಕಿತ್ತುಕೋ, ಗಾಡಿ ಗುಜರಿಗೆ ಹಾಕು, ಅಮ್ಮನನ್ನು ಕೂಡ ನೆಟ್ಟಗೆ ಕಳಿಸಿಕೊಡಲಿಲ್ಲ ಎಂದೆಯಲ್ಲ ಮೊನ್ನೆ, ಆಗ ನಾನು ಫೋನಿಟ್ಟುಬಿಟ್ಟೆ. ಕೋಪ ಬಂದಿತ್ತು, ಈಗ ಇಲ್ಲ. ಗಾಡಿ ಇರಲಿ. ಕೀ ಅವನ ಜೇಬಿನಲ್ಲೇ ಇರಲಿ. ಅತ್ತಿಗೆಗೆ ನನ್ನ ನೆನಪು ಹೇಳು, ಚಿಕ್ಕವಳ ಕೆನ್ನೆಗೆ ನನ್ನದೊಂದು ಮುತ್ತು ಕೊಡು. ನೀನು ಹೊತ್ತಿಗೆ ಸರಿಯಾಗಿ ಉಂಡು ಸುಖವಾಗಿರು, ನನಗೆ ಅಷ್ಟು ಸಾಕು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಇದನ್ನು ಬರೆಯಬಾರದೆಂದೇ ಮೇಲಿನದ್ದೆಲ್ಲ ಬರೆದೆ, ಆದರೆ ಲಕೋಟೆ ಅಂಟಿಸಲು ಮನಸ್ಸಾಗುತ್ತಿಲ್ಲ. ಹೋದ ವಾರ ಬಂಕಿನವನು ದಾರಿಯಲ್ಲಿ ಸಿಕ್ಕು ಅತ್ತುಬಿಟ್ಟ. ಅವನು ಡೀಸೆಲ್ ಪೈಪನ್ನೇ ಎತ್ತಿಕೊಂಡಿದ್ದನಂತೆ. ಅಪ್ಪ ಬೇಡವೆಂದು ಪೆಟ್ರೋಲ್ ಹಾಕು ಎಂದನಂತೆ. ಇವನು ಎರಡೆರಡು ಸಲ ಕೇಳಿದ್ದಕ್ಕೆ, "ನನ್ನ ಮಗ ಬಸ್ಸಲ್ಲಿದ್ದಾನೆ. ಅವನು ತಾಯಿ ಮುಖ ನೋಡೋವರೆಗೂ ಈ ಗಾಡಿ ಮುಂದೆ ಹೋಗಬಾರದು. ವೈರು ಕಿತ್ತರೆ ನನ್ನ ತಮ್ಮ ಸಿಕ್ಕಿಸಿಬಿಡ್ತಾನೆ," ಎಂದನಂತೆ. ಹೇಗಿದ್ದರೂ ಮುಗಿದಿರುತ್ತದೆ ಎಂದು ನೀನು ಅರ್ಧ ದಾರಿಯಲ್ಲೇ ಇಳಿದು ವಾಪಸ್ಸು ಹೋದದ್ದು ಅಪ್ಪನಿಗೆ ಗೊತ್ತಿಲ್ಲ. ನೀನು ಬರುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು ಎಂದು ನಾನೇ ಹೇಳಿದ್ದೇನೆ. ಬಂದಾಗ ನೀನೂ ಹಾಗೇ ಹೇಳು. ಅವನು ನಂಬಿದ್ದಾನೆ. "ಪಾಪ, ಎಷ್ಟು ಒದ್ದಾಡಿದ್ನೋ ಹುಡುಗ," ಎಂದ.