ಅಕ್ಷತೆಯ ಜೋಳ

ಅವ್ವಾ,

ನಿನ್ನ ಹಣೆಯಲ್ಲಿ ಕುಂಕುಮವಿಲ್ಲ, ಅಷ್ಟೇ. ಕೈಗಳಿಗೇನೂ ಆಗಿಲ್ಲ. ನಾಳೆ ನನ್ನ ಮದುವೆಗೆ ಅಕ್ಷತೆಯನ್ನು ನೀನೇ ಕಲೆಸಬೇಕು. ರೇಷನ್ ಅಕ್ಕಿ ಊಟಕ್ಕಿರಲಿ, ಡಬ್ಬಿಯಲ್ಲಿರುವ ಜೋಳಕ್ಕೆ ಅರಿಸಿನ ಹಚ್ಚು.

ಬಾಸಿಂಗವನ್ನು ರಟ್ಟು ಕತ್ತರಿಸಿ ಮಾಡಿದ್ದೇನೆ. ಅಂಟು ಇನ್ನೂ ಹಸಿಯಿದೆ, ಮುಟ್ಟಬೇಡ. ಹೂವು ತರಲು ಮಾರ್ಕೆಟ್ಟಿಗೆ ಹೊರಟಿದ್ದೇನೆ. ಹಾರವನ್ನು ಇಬ್ಬರೂ ಕೂತು ಕಟ್ಟೋಣ.

ನೀನು ನಳಕ್ಕೆ ಹೋದಾಗ ಗುಂಡೂ ಕಾಕಾ ಬಂದಿದ್ದರು. "ನಿಮ್ಮವ್ವ ಅಕ್ಷತಿ ಮುಟ್ಟಿದ್ರ ನಾವು ಮಂದಿಗೆ ಹೆಂಗ ಮಾರಿ ತೋರಸೋದು?" ಎಂದರು.

"ತೋರಸಬ್ಯಾಡ್ರಿ, ಮನ್ಯಾಗ ಇರ್ರಿ" ಎಂದೆ.

ಭಟ್ಟರನ್ನೂ ಬರಬೇಡವೆಂದು ತಡೆದಿದ್ದಾರಂತೆ. ತಡೆಯಲಿ. ಮಂತ್ರದ ಪುಸ್ತಕವನ್ನು ನನ್ನ ಹಾಸ್ಟೆಲಿನ ಲೈಬ್ರರಿಯಿಂದ ತಂದಿದ್ದೇನೆ, ವರನೇ ಓದುತ್ತಾನೆ. ನೀನು ಹಿಂದೆ ಅಡಗಬೇಡ, ನನ್ನ ಪಕ್ಕದಲ್ಲಿ ನಿಲ್ಲು.

ಊಟದ ಎಲೆ ಕಡಿಮೆ ತರಿಸು. ನಾವು ಕಳೆದುಕೊಂಡದ್ದು ಹನ್ನೊಂದು ಜನ: ಕಾಕಾನ ಮನೆಯವರು ಹತ್ತು, ಭಟ್ಟರು ಒಬ್ಬರು.