ಪಿಕಳಾರದ ಮರಿಗಳೂ ನಿನ್ನ ತಂಗಿಯ ಪಟವೂ

ನನ್ನ ಕಂದ ಹಾಲಸ್ವಾಮಿ,

ಮದಕರಿಪುರದ ನಮ್ಮ ಹೊಲದ ಬದುವಿನಲ್ಲಿ ನಿನ್ನನ್ನು ಮಲಗಿಸಿ ಬಂದು ಎರಡು ವರ್ಷವಾಯಿತು. ಅಳುವುದಕ್ಕೆಂದು ಈ ಕಾಗದ ಬರೆಯುತ್ತಿಲ್ಲ, ಮಗನೆ. ನಿನ್ನ ಮುಖ ನನ್ನ ಕಣ್ಣಿಂದ ಜಾರುತ್ತಿದೆ. ಹುಬ್ಬು ನೆನಪಾದರೆ ಗಲ್ಲ ಮರೆಯುತ್ತದೆ. ಈಗ ನಿನಗೊಬ್ಬಳು ತಂಗಿ, ಪಾರ್ವತಿ, ಆರು ತಿಂಗಳ ಕೂಸು. ಅವಳ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಾ ನಾನು ನಿದ್ದೆಯನ್ನೇ ಮರೆತಿದ್ದೇನೆ. ಅವಳ ಮುಖವನ್ನಾದರೂ ಉಳಿಸಿಕೊಳ್ಳಲೇಬೇಕೆಂದು ಹಟ ಹಿಡಿದೆ.

ಮಾರಿಕಣಿವೆ ಕಟ್ಟೆಯ ಕೆಲಸದಲ್ಲಿರುವ ನಿನ್ನ ಅಪ್ಪ, ತನ್ನ ಸೀಮೆಗೆ ವಾಪಸು ಹೊರಟ ಬಿಳಿ ದೊರೆಯೊಬ್ಬನಿಂದ ಕ್ಯಾಮರಾ ಪೆಟ್ಟಿಗೆ ಕೊಂಡು ನೀನಿದ್ದಾಗಲೇ ನನಗೆ ತಂದುಕೊಟ್ಟಿದ್ದರು. ಆದರೆ ವರ್ಷ ತುಂಬದ ಕೂಸಿನ ಪಟ ಹಿಡಿದರೆ ಆಯಸ್ಸು ಕಡಿಮೆಯಾಗುತ್ತದೆಂದು ನಿನ್ನ ಅಜ್ಜಿಯ ನಂಬಿಕೆ. ಅದಕ್ಕೇ ವರ್ಷ ತುಂಬುವ ಮೊದಲೇ ಹೋದ ನಿನ್ನದು ಒಂದೂ ಪಟವಿಲ್ಲ. ಈ ಸಲವೂ ಅದೇ ಮಾತು ಬಂದಾಗ ನನಗೆ ಬಾಯಿ ಕಟ್ಟಲಾಗಲಿಲ್ಲ. “ಅವನ ಪಟ ಹಿಡೀಲೇ ಇಲ್ಲವಲ್ಲ ಅತ್ತೆ, ಆದ್ರೂ ಹೋದ” ಎಂದುಬಿಟ್ಟೆ.

ಮರುದಿನ ಅಜ್ಜಿ ಹಿತ್ತಿಲ ದಾಳಿಂಬೆ ಗಿಡಕ್ಕೆ ಕೈ ತೋರಿಸಿದರು. ಅಲ್ಲಿ ಪಿಕಳಾರ ಹಕ್ಕಿ ಗೂಡು ಕಟ್ಟಿ ಎರಡು ಮರಿ ಮಾಡಿತ್ತು. “ಕಾಲೇಜು ಓದಿದೋಳಲ್ವಾ ನೀನು, ಮೊದ್ಲು ಆ ಮರಿಗಳ ಪಟ ಹಿಡಿ. ಎರಡೂ ಹಾರಿ ಹೋದ್ರೆ ಇವಳ್ದೂ ಹಿಡಿಯುವಂತೆ. ಒಂದು ಸತ್ರೂ ನಿನ್ನ ಪೆಟ್ಟಿಗೆ ಅಟ್ಟಕ್ಕೆ!”

ಒಪ್ಪಿದೆ. ಪಟ ಮೂಡಿಸುವ ಮೊದಲ ಗಾಜಿನ ಫಲಕವನ್ನು ನೆತ್ತಿಯ ಬಿಸಿಲಿನಲ್ಲಿ ಹಾಳು ಮಾಡಿದೆ. ಕಾಗದಕ್ಕಿಳಿಸಿದಾಗ ತಾಯಿಹಕ್ಕಿಯ ಕರಿತಲೆ ಮಸಿಯ ಮುದ್ದೆಯಾಗಿತ್ತು, ಕಣ್ಣೇ ಇಲ್ಲ. “ಇದೇನೇ, ಬದನೇಕಾಯಿ ಕುಂತಂಗೈತೆ?” ಎಂದು ಅಜ್ಜಿ ನಕ್ಕರು. ಬೆಳಕು ಬೀಳಲೆಂದು ಗೂಡಿನ ಮುಂದಿನ ರೆಂಬೆಗಳನ್ನು ದಾರದಿಂದ ಹಿಂದಕ್ಕೆಳೆದು ಕಟ್ಟಿದೆ. “ಲೇ, ಕಾಗೇನ ಊಟಕ್ಕೆ ಕರೆದಂಗೈತಲ್ಲೇ!” ಎಂದು ಅವರೇ ಕೂಗಿದರು. ತಲೆಯೆತ್ತಿದರೆ ಮಾಳಿಗೆಯ ಅಂಚಿನಲ್ಲಿ ಕಾಗೆ! ತಟ್ಟನೆ ಗಂಟು ಬಿಚ್ಚಿದೆ. ಇನ್ನು ಒಂದು ಎಲೆಯನ್ನೂ ಮುಟ್ಟಬಾರದು, ಬೆಳಕನ್ನೇ ಹಕ್ಕಿಯ ಬಳಿಗೆ ಕರೆತರಬೇಕು ಎಂದುಕೊಂಡೆ.

ದಾರಿ ತೋರಿದ್ದು ನಿನ್ನ ಅಪ್ಪನ ಬಿಳಿ ಪಂಚೆ. ಬೆಳಗಿನ ಎಳೆಬಿಸಿಲಿನಲ್ಲಿ ಅಜ್ಜಿ ಅದನ್ನು ಹಗ್ಗದ ಮೇಲೆ ಹರವಿದ್ದೇ ತಡ, ಅದರ ಬಿಳುಪು ಗಿಡದ ನೆರಳಿನ ಬದಿಗೆ ಚೆಲ್ಲಿ ಹಕ್ಕಿಯ ಕಪ್ಪು ಕೆನ್ನೆಯ ಮೇಲೆ ಒಂದೊಂದು ಗರಿಯೂ ಕಂಡಿತು. ಹಕ್ಕಿ ಬೆದರದಂತೆ ಹಗ್ಗವನ್ನು ದಿನಕ್ಕೆ ಒಂದೊಂದು ಮೊಳ ಹತ್ತಿರ ತಂದೆ. ನಿಂತು ಮೇಲಿನಿಂದ ಹಿಡಿದರೆ ಬರೀ ಬೆನ್ನು. ಅದಕ್ಕೆ ಪೆಟ್ಟಿಗೆಯ ಮುಕ್ಕಾಲಿಯನ್ನು ಗೂಡಿನ ಮಟ್ಟಕ್ಕೆ ತಗ್ಗಿಸಿದೆ. ಗೋಡೆಗೆ ನೇತುಹಾಕುವ ಹಿರಿಯರ ಪಟದಂತೆ ಹಕ್ಕಿಯನ್ನು ನಟ್ಟನಡುವೆ ಕೂರಿಸುವುದನ್ನೂ ಬಿಟ್ಟೆ. ಅದು ನೋಡುವ ಕಡೆ ಒಂದಿಷ್ಟು ಬಯಲು ಬಿಟ್ಟರೆ ಹಕ್ಕಿಗೇ ಉಸಿರು ಬಂದಂತಾಗುತ್ತದೆ. ಕೊಟ್ಟಿಗೆಯ ಬಾಗಿಲ ಹಿಂದೆ ಕೂತು, ತಾಯಿಹಕ್ಕಿ ಹುಳು ಕಚ್ಚಿಕೊಂಡು ಬಂದು ಅರೆಗಳಿಗೆ ತಡೆಯುವಾಗ ಕ್ಯಾಮರಾದ ಕೊಳವೆಯ ತುದಿಯಲ್ಲಿರುವ ರಬ್ಬರ್ ಉಂಡೆ ಅದುಮಿ ಪಟ ಹಿಡಿದೆ. ಆ ಪಟದಲ್ಲಿ ಹಕ್ಕಿಯ ಕಣ್ಣು ಹೊಳೆಯುತ್ತಿದೆ, ಮಗನೆ. ಎರಡು ತೆರೆದ ಬಾಯಿಗಳೂ ಇವೆ.

ಮೊನ್ನೆ ಒಂದು ಮರಿ ಹಾರಿ ಬೇಲಿ ಸೇರಿತು. ಇನ್ನೊಂದು ನೆಲಕ್ಕೆ ಬಿತ್ತು. ಅಷ್ಟರಲ್ಲಿ ಅಜ್ಜಿ ಕೋಲು ಹಿಡಿದು, ಕಾಗೆಯ ವಂಶವನ್ನೆಲ್ಲ ಬೈಯುತ್ತಾ ಕಾವಲು ನಿಂತರು. ನಾನೂ ನಿಂತೆ. ಹೊತ್ತು ಏರಿದ ಮೇಲೆ ಅದು ಪಂಚೆಯ ಹಗ್ಗಕ್ಕೆ ಹಾರಿತು, ಅಲ್ಲಿಂದ ಬೇಲಿಗೆ, ಬೇಲಿಯಿಂದಾಚೆಗೆ.

ಇವತ್ತು ಬೆಳಿಗ್ಗೆ ಅಜ್ಜಿ ಪಾರ್ವತಿಯ ಕೆನ್ನೆಗೆ ದೊಡ್ಡ ಕಾಡಿಗೆ ಬೊಟ್ಟಿಟ್ಟು, ತೊಡೆಯ ಮೇಲೆ ಕೂರಿಸಿಕೊಂಡು ಪೆಟ್ಟಿಗೆಯ ಮುಂದೆ ಬಂದು ಕುಳಿತರು. ಜನ್ಮದಲ್ಲಿ ಪಟ ಹಿಡಿಸಿಕೊಳ್ಳದವರು.

“ಕೂಸೊಂದನ್ನೇ ಹಿಡೀಬ್ಯಾಡ. ನಾನೂ ಇರ್ತೀನಿ. ಆಯಸ್ಸು ಕಮ್ಮಿ ಆಗೋದಿದ್ರೆ ನನ್ದು ಆಗ್ಲಿ.”

ಇಬ್ಬರನ್ನೂ ಒಂದೇ ಪಟದಲ್ಲಿ ಕೂರಿಸಿ ಉಂಡೆ ಅದುಮಿದೆ.

ತಣ್ಣಗೆ ಮಲಗಿರು ಕಂದ. ನಿನ್ನ ತಂಗಿಯ ಮೇಲೂ ಅಜ್ಜಿಯ ಮೇಲೂ ಒಂದು ಕಣ್ಣಿಟ್ಟಿರು.

ನಿನ್ನನ್ನು ಹೆತ್ತ,
ಅವ್ವ