ತಗಡಿನ ಮೇಲೆ ನಮ್ಮ ಪೇಟೆಬೀದಿ

ಮಲ್ಲಂದೂರು
14 ಸೆಪ್ಟೆಂಬರ್ 1936

ಕಳಸದಲ್ಲಿರುವ ಅಕ್ಕ ಗಿರಿಜಾಂಬಾಗೆ ನಿನ್ನ ರುದ್ರಿಯ ನಮಸ್ಕಾರ.

ನಿನ್ನ ಕಾಗದ ಬಂದು ತಿಂಗಳಾಯಿತು. ತಡಮಾಡಿದ್ದಕ್ಕೆ ಬೈದುಕೋ, ಸಿಟ್ಟು ಮಾತ್ರ ಇಟ್ಟುಕೋಬೇಡ. ಚಿತ್ರದಲ್ಲಿ ನಿನ್ನನ್ನೂ ಬರೆದಿದ್ದೇನೆ ಅಂದದ್ದಕ್ಕೆ "ತೆಗೆದುಬಿಡು" ಅಂದಿದ್ದೀಯ. ಅದಕ್ಕೆ ಬರುತ್ತೇನೆ, ಮೊದಲು ಸುದ್ದಿ ಕೇಳು. ಚಿಕ್ಕಮಗಳೂರಿನ ನಮ್ಮ ಪೇಟೆಬೀದಿ ತಗಡಿನಿಂದ ಕಾಗದಕ್ಕೆ ಇಳಿಯಿತು ಕಣಕ್ಕ! ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಕಳಿಸೋಣ ಅಂತ ನನಗೆ ಇದನ್ನು ಕಲಿಸಿದ, ತೋಟದ ಬಂಗಲೆಯ ದೊರೆಸಾನಿಯವರೇ ಹೇಳಿದ್ದಾರೆ!

ಹೇಗೆ ಅಂತೀಯಾ? ಜಿಂಕ್ ತಗಡಿಗೆ ಜೇನುಮೇಣ ಸವರಿ, ಸೂಜಿಯಿಂದ ಗೀರಿ ಬೀದಿ ಬರೆದೆ. ಆಮೇಲೆ ಮೈಲುತುತ್ತದ ನೀರಿಗೆ ಇಳಿಸಬೇಕು. ಗೀರಿದ ಕಡೆಯಷ್ಟೇ ಅದು ತಗಡನ್ನು ಕಚ್ಚುತ್ತದೆ. ನಾನು ಜಾಣೆ, ಕೊಳೆರೋಗ ಬರದಂತೆ ಕಾಫಿಗಿಡಕ್ಕೆ ಹೊಡೆಯುವ ಮೈಲುತುತ್ತದ ಪೀಪಾಯಿಯಿಂದಲೇ ನೀರು ತಂದೆ. ಅದಕ್ಕೆ ಆಗಲೇ ಸುಣ್ಣ ಬೆರೆಸಿದ್ದರು. ದಿನವಿಡೀ ನೆನೆಸಿದರೂ ಒಂದು ಗೆರೆಯೂ ಕಚ್ಚಲಿಲ್ಲ. "ನಿಮ್ ಪೇಟೆಗೆ ಇನ್ನು ಕೊಳೆರೋಗ ಬರಾದಿಲ್ಲ ಬಿಡಿ ಅಮ್ಮಾವ್ರೆ" ಅಂತ ಮೇಸ್ತ್ರಿ ಗುರುವಯ್ಯ ನಕ್ಕಿದ್ದೇ ನಕ್ಕಿದ್ದು.

ಎರಡನೇ ಸಲ ಸುಣ್ಣವಿಲ್ಲದ ನೀರು. ಸ್ವಲ್ಪ ಹೊತ್ತು ಕಚ್ಚಿದರೆ ತೆಳು ಗೆರೆ, ಹೆಚ್ಚು ಹೊತ್ತಾದರೆ ಕಡುಗಪ್ಪು. ಅದಕ್ಕೇ ಮೊದಲು ಎತ್ತಿ ದೂರದ ಗಿರಿಗೆ ಮೇಣ ಮುಚ್ಚಿದೆ. ಮತ್ತೆ ಮುಳುಗಿಸಿ ನಡುವಿನ ಮನೆಗಳಿಗೆ ಮುಚ್ಚಿದೆ. ಹತ್ತಿರದ ಅಂಗಡಿಗಳ ನೆರಳನ್ನು ಮಾತ್ರ ಆಳಕ್ಕೆ ಬಿಟ್ಟೆ. ಮಸಿ ತುಂಬಿ, ಬಂಗಲೆಯ ಬಟ್ಟೆ ಹಿಂಡುವ ಯಂತ್ರದಲ್ಲಿ ಒತ್ತಿ ಕಾಗದ ಎತ್ತಿದರೆ, ಅಬ್ಬಾ! ಬೀದಿಯೊಳಗೆ ನಡೆದೇ ಹೋಗಬಹುದು ಅನ್ನಿಸಿತು. ನಾನು ಕುಣಿದದ್ದನ್ನು ನೋಡಿ ದೊರೆಸಾನಿಯವರೂ ಚಪ್ಪಾಳೆ ತಟ್ಟಿದರು.

ಇನ್ನು ನಿನ್ನ ಮಾತು. ನಮ್ಮ ಮನೆ ಬಾಗಿಲ ಬಿಸಿಲಿನಲ್ಲಿ ಹೂ ಮುಡಿದು ನಿಂತವಳು ನೀನೇ. ಗಂಡ ಹೋದವಳು ದಸರೆಯ ಚಿತ್ರದಲ್ಲಿರಬಾರದು, ಅಪಶಕುನ ಅಂದೆ. ನಮ್ಮವರೂ "ಅವ್ರೇ ಬ್ಯಾಡ ಅಂದ್ಮೇಲೆ ನಿಂದೆಂಥ ಹಟ ಮಾರಾಯ್ತಿ?" ಅಂದರು. ಏನು ಮಾಡಲಿ ಅಕ್ಕ, ನಿನ್ನ ಕಾಗದ ಬರುವಷ್ಟರಲ್ಲಿ ಎಲ್ಲ ಕಚ್ಚಿ ಆಗಿತ್ತು. ತಗಡಿನ ಗೆರೆ ಅಳಿಯುವುದಿಲ್ಲ. ಚಿತ್ರ ನಾಳೆ ಹೊರಡುತ್ತದೆ.

ಮಗುವಿಗೆ ನನ್ನ ಆಶೀರ್ವಾದ. ನಿನ್ನದು ನನ್ನ ತಲೆಯ ಮೇಲಿರಲಿ.

ನಿನ್ನ ತಂಗಿ,
ರುದ್ರಾಣಿ

ಮತ್ತೆ: ತಗಡಿನ ಗೆರೆ ಅಳಿಯುವುದಿಲ್ಲ, ಏನೂ ಮಾಡುವಂತಿರಲಿಲ್ಲ ಅಂದದ್ದು ಸುಳ್ಳು. ಬಾಗಿಲ ಮೇಲೆ ಅಡ್ಡಡ್ಡ ಗೀರಿ ಇನ್ನೊಮ್ಮೆ ಮುಳುಗಿಸಿದ್ದರೆ ನೀನು ಕತ್ತಲಲ್ಲಿ ಕಾಣದೆ ಹೋಗುತ್ತಿದ್ದೆ. ಸೂಜಿ ಹಿಡಿದು ಕೂತೂ ಇದ್ದೆ, ಕೈ ಬರಲಿಲ್ಲ. ಊರವರು ನಿನ್ನನ್ನು ಒಳಗೆ ಕೂರಿಸಿದಾಗ ನನಗೆ ಬಂದದ್ದು ಸಿಟ್ಟು. ತೆಗೆದುಬಿಡು ಅಂತ ನೀನೇ ಬರೆದೆಯಲ್ಲ, ಅದನ್ನೋದಿ ಅತ್ತಷ್ಟು ಭಾವ ಹೋದ ದಿನವೂ ನಾನು ಅತ್ತಿರಲಿಲ್ಲ.